ಹಗೇವಿನಿಂದ ಎದ್ದ ಮುದುಕಿ

ಸೋಲಾಪುರದ ಶಿಕ್ಷಕರ ಸಭೆಗಳಲ್ಲಿ ನನ್ನನ್ನು ಇಂದಿಗೂ ‘ಕೂಲರ್ ನಾಟಕದ ಅಕ್ಕೋರು’ ಎಂದೇ ಪರಿಚಯಿಸುತ್ತಾರೆ. ಅವರ ಪಾಲಿಗೆ ಅದು ಹೊಗಳಿಕೆ. ನಾನು ನಗುತ್ತೇನೆ, ಕೈ ಮುಗಿಯುತ್ತೇನೆ, ಆಮೇಲೆ ಆ ದಿನವಿಡೀ ಯಾರ ಮೇಲಾದರೂ ರೇಗುತ್ತಿರುತ್ತೇನೆ.

ಆಗ ನಾನು ಚಪಳಗಾಂವದ ಆಚೆಗಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿದ್ದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಆಡುತ್ತಿದ್ದರು. ಓದು ಎಂದರೆ ಮಾತ್ರ ಎರಡರಲ್ಲೂ ಸಮನಾಗಿ ಆಕಳಿಸುತ್ತಿದ್ದರು. ನಾಟಕವೆಂದರೆ ಮಾತ್ರ ಎದ್ದು ಕೂಡುವರು. ಹಾಗಾಗಿ ಶಾಲೆಯ ಗ್ಯಾದರಿಂಗಿಗೆಂದು ನಾನೇ ಒಂದು ನಾಟಕ ಬರೆದೆ. ಎರಡು ನೂರು ವರ್ಷ ಮುಂದಿನ ಕಾಲದಿಂದ ಇಬ್ಬರು ಯಂತ್ರದಲ್ಲಿ ಕೂತು ನಮ್ಮ ಊರಿಗೆ ಬಂದಿಳಿಯುತ್ತಾರೆ. ಹೆಡ್ ಮಾಸ್ತರರ ಕೋಣೆಯಲ್ಲಿ ಕೆಟ್ಟು ಬಿದ್ದಿದ್ದ ಕೂಲರಿನ ತಗಡಿನ ಡಬ್ಬಿಯೇ ಆ ಯಂತ್ರ. ಅವರು ಬರುವ ಹೊತ್ತಿಗೆ ಊರ ಹಗೇವಿನಲ್ಲಿ ಮಲಗಿದ್ದ ಸಾವಿರ ವರ್ಷದ ಕೇಡೊಂದು ಎಚ್ಚರಾಗಿರುತ್ತದೆ. ಹಗೇವು ಎಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ನೆಲದಡಿಯ ಗುಂಡಿ. ನಮ್ಮ ಶಾಲೆಯ ಪಕ್ಕದಲ್ಲೇ ಒಂದಿತ್ತು, ಬಾಯಿಗೆ ಚಪ್ಪಡಿ ಎಳೆದು ಎಷ್ಟೋ ವರ್ಷವಾಗಿತ್ತು. ಕೇಡು ಊರವರ ಬುದ್ಧಿ ಕೆಡಿಸುತ್ತದೆ, ಮುಂದಿನ ಕಾಲದವರು ಅದನ್ನು ಮತ್ತೆ ಹಗೇವಿಗೆ ತಳ್ಳಿ ಚಪ್ಪಡಿ ಮುಚ್ಚುತ್ತಾರೆ. ಅಂಧಶ್ರದ್ಧೆ ಹೋಗಬೇಕು, ವಿಜ್ಞಾನ ಬರಬೇಕು ಎಂಬುದು ನನ್ನ ಉದ್ದೇಶ. ಬರೆದು ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ತಾಲೀಮಿನಲ್ಲಿ ನೋಡಿದರೆ ಕೇಡಿಗೆ ಯಾರೂ ಅಂಜಲೊಲ್ಲರು. ಆ ಪಾತ್ರದ ಏಳನೇ ಇಯತ್ತೆಯ ಹುಡುಗಿ, ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಬಂದವಳಂತೆ ಬೆಂಚಿನ ಹಿಂದಿನಿಂದ ಎದ್ದು ಬರುತ್ತಿದ್ದಳು. ನನಗೆ ತಾಳ್ಮೆ ಮೊದಲೇ ಕಡಿಮೆ.

“ಹಂಗಲ್ಲವ್ವಾ. ಸಾವಿರ ವರ್ಷ ಮಲಗಿ ಎದ್ದಾಳ ಆಕಿ. ನಮ್ಮ ಆಯಿ ಆಕಳಸ್ತಾಳಲ್ಲ, ಹಂಗ ಬಾಯಿ ತಗದು ಆಕಳಸು” ಎಂದೆ.

ಯಾವ ಆಯಿ ಎಂದು ಯಾರೂ ಕೇಳಲಿಲ್ಲ. ಊರಿಗೆಲ್ಲ ಆಯಿ, ಅಂದರೆ ಅಜ್ಜಿ, ಅನ್ನಿಸಿಕೊಂಡವಳು ಒಬ್ಬಳೇ. ಕುರುಬರ ಓಣಿಯ ತುದಿಯಲ್ಲಿ, ತಮ್ಮನ ಮಗನ ಮನೆಯಲ್ಲಿದ್ದ ವಿಧವೆ ಆಕೆ. ಹಗಲು ಕುರಿಯ ಹಿಂದೆ ಹೋಗುವಳು, ಕೂತಲ್ಲಿ ಉಣ್ಣೆ ನೂಲುವಳು. ಊರಿನ ಯಾವ ಕೂಸು ಹಟ ಹಿಡಿದು ಅತ್ತರೂ ದೃಷ್ಟಿ ತೆಗೆಯಲು ಆಕೆಗೇ ಕರೆ. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಕೂಸಿಗೆ ಇಳಿಸುತ್ತ ಆಕಳಿಸಲು ಶುರುಮಾಡಿದರೆ ಕಣ್ಣಲ್ಲಿ ನೀರು ಬರುವ ತನಕ ಆಕಳಿಕೆ. ದೃಷ್ಟಿ ಎಷ್ಟು ತಾಗಿದೆಯೋ ತೆಗೆಯುವವಳಿಗೆ ಅಷ್ಟು ಆಕಳಿಕೆ ಎಂಬುದು ನಮ್ಮ ಕಡೆಯ ನಂಬಿಕೆ. ಕೂಸಿನ ಸಂಕಟವನ್ನು ಆಕೆ ತನ್ನ ಮೈಗೆ ಎಳೆದುಕೊಂಡಳು ಎಂದು ಅರ್ಥ. ಒಂದು ಕಪ್ಪು ಚಹದ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ.

ಇನ್ನೊಂದನ್ನು ಇಲ್ಲಿ ಹೇಳಲೇಬೇಕು. ನನ್ನ ಮಗಳು ಎರಡು ವರ್ಷದವಳಿದ್ದಾಗ ಮೂರು ದಿನ ಅನ್ನ ಮುಟ್ಟಲಿಲ್ಲ. ನಾನು ಆಯಿಯನ್ನು ಕರೆಸಿ, ಬಾಗಿಲು ಹಾಕಿಕೊಂಡು, ದೃಷ್ಟಿ ತೆಗೆಸಿದ್ದೆ. ಸಂಜೆ ಕೂಸು ಉಂಡಿತು. ಶಾಲೆಯಲ್ಲಿ ಮಾತ್ರ ಔಷಧ ಹತ್ತಿತು ಎಂದು ಹೇಳಿದೆ.

ನಾಟಕದ ಮಧ್ಯಾಹ್ನ ಹುಡುಗಿ ತಲೆಯ ಮೇಲೆ ಕಂಬಳಿ ಹೊದ್ದು, ಹಗೇವಿನಿಂದ ಎದ್ದು ಬಂದಂತೆ ಬಂದು, ಬಾಯಿ ಅಗಲಿಸಿ ಆಕಳಿಸಿದಳು. ಮುಂದಿನ ಸಾಲಿನ ಚಿಕ್ಕವರು ಚೀರಿದರು. ಹಿಂದಿನಿಂದ ಯಾರೋ “ಅರೆ, ನಮ್ಮ ಆಯಿನ ಇದು!” ಎಂದು ಕೂಗಿದರು. ಮಂದಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕುರಿ ಕಾಯಲು ಹೋಗಿದ್ದ ಆಯಿ ಅಲ್ಲಿರಲಿಲ್ಲ. ಸಂಜೆಯೊಳಗೆ ಆ ದೃಶ್ಯ ಊರಿನ ಎಲ್ಲರ ಮೊಬೈಲಿನಲ್ಲಿತ್ತು.

ಮೊದಮೊದಲು ಬರೀ ಚೇಷ್ಟೆ. ಆಕೆ ದಾರಿಯಲ್ಲಿ ಬಂದರೆ ಹುಡುಗರು ಆಕಳಿಸಿ ಓಡುವರು. ಅಷ್ಟರಲ್ಲಿ ಒಂದು ಮನೆಯ ಕೂಸಿಗೆ ಜ್ವರ ಏರಿ ಸೋಲಾಪುರದ ದವಾಖಾನೆಗೆ ಒಯ್ದರು. ಕೂಸು ಆರಾಮಾಗಿ ತಿರುಗಿ ಬಂತು. ಆದರೆ ಹಿಂದಿನ ವಾರ ಅದಕ್ಕೆ ದೃಷ್ಟಿ ತೆಗೆದವರು ಯಾರು ಎಂಬ ಮಾತು ಅದಕ್ಕೂ ಮೊದಲೇ ಊರು ಸುತ್ತಿತ್ತು. ತೆಗೆಯಲು ಬರುವವಳಿಗೆ ಹಾಕಲೂ ಬರುತ್ತದೆ ಎಂದರು. ಭಾನಾಮತಿ ಎಂಬ ಮಾತು ಬಂತು. ನಮ್ಮ ಸೀಮೆಯಲ್ಲಿ ಮಾಟಕ್ಕೆ ಆ ಹೆಸರು. ಮುದುಕರು ಮಾತ್ರ ಆಡುತ್ತಿದ್ದ, ಸತ್ತೇ ಹೋಯಿತೆಂದು ನಾನು ತಿಳಿದಿದ್ದ ಆ ಮಾತಿಗೆ ನಾನೇ ಕಂಬಳಿ ಹೊದಿಸಿ, ಮುಖ ಕೊಟ್ಟು, ಊರ ಮುಂದೆ ನಿಲ್ಲಿಸಿದ್ದೆ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ?

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಆಯಿ ವರಾಂಡದಲ್ಲಿ ಬಂದು ಕೂತಳು.

“ಅಕ್ಕೋರ, ನಿಮ್ಮ ನಾಟಕ ಮೊಬೈಲಿನ್ಯಾಗ ನೋಡಿದ್ನಿರಿ. ಆ ಹುಡುಗಿ ಥೇಟ್ ನನ್ನಂಗ ಮಾಡ್ಯಾಳ.”

“ಅದು ನೀ ಅಲ್ಲ ಆಯಿ. ನಾಟಕ ಅದು.”

“ನನಗ ಗೊತ್ತೈತ್ರಿ. ಮಂದಿಗಿ ಯಾರು ಹೇಳಬೇಕು?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಐತವಾರ ಬೀರೋಬಾನ ಗುಡಿ ಮುಂದ ಹೆಣ್ಮಕ್ಕಳು ಕೂಡ್ತಾರ. ನಿಮ್ಮ ಮಗಳನ್ನ ಕರಕೊಂಡು ಬರ್ರಿ. ಎಲ್ಲಾರ ಮುಂದ ಒಮ್ಮಿ ದೃಷ್ಟಿ ತಗೀತೀನಿ. ಅಕ್ಕೋರ ಅಂಜಲಿಲ್ಲಂದ್ರ ಮಂದೀನೂ ಅಂಜೂದಿಲ್ಲ. ಅಷ್ಟ ಸಾಕು ನನಗ.”

ನೋಡೋಣ ಎಂದೆ.

ಆ ವಾರವೇ ನಾಟಕ ಅಕ್ಕಲಕೋಟೆಯ ತಾಲೂಕು ಸ್ಪರ್ಧೆಯಲ್ಲಿ ಗೆದ್ದು ಸೋಲಾಪುರದ ಜಿಲ್ಲಾ ಸ್ಪರ್ಧೆಗೆ ಆಯ್ಕೆಯಾಯಿತು. ಆಯಿ ಕೇಳಿದ್ದನ್ನು ಹೆಡ್ ಮಾಸ್ತರರಿಗೆ ಹೇಳಿದೆ. “ಇಂಥಾ ನಾಟಕ ಬರದಾವ್ರು ಗುಡಿ ಮುಂದ ದೃಷ್ಟಿ ತಗಿಸ್ಕೋತೀರೇನ್ರಿ? ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ ಅಂತ ನಗ್ತಾರ ಮಂದಿ” ಎಂದರು. ಅವರ ಮೇಲೆ ತಪ್ಪು ಹೊರಿಸಲಾರೆ. ಯಾರಾದರೂ ಹಾಗೆ ಹೇಳಲಿ ಎಂದೇ ನಾನು ಕೇಳಿದ್ದು. ದೃಷ್ಟಿಯ ಗೊಡವೆಯೇ ಬೇಡವೆಂದಿದ್ದರೆ, ಆಯಿಯ ಪಕ್ಕ ನಿಂತು “ತಪ್ಪು ನನ್ನದು” ಎಂದಾದರೂ ಹೇಳಬಹುದಿತ್ತು. ಐತವಾರ ನಾನು ಮೈಂದರ್ಗಿಯ ಅಂಗಡಿಯಲ್ಲಿ ಕೇಡಿನ ವೇಷಕ್ಕೆ ಕರಿ ಬಟ್ಟೆ ಆರಿಸುತ್ತಿದ್ದೆ. ಎರಡು ನೂರು ವರ್ಷ ಆಚೆಯಿಂದ ಜನರನ್ನು ಕರೆಸಿದವಳಿಗೆ ಅರ್ಧ ಮೈಲಿ ಆಚೆಯ ಗುಡಿಗೆ ಹೋಗಲಾಗಲಿಲ್ಲ. ಆಯಿ ಉಪ್ಪು ಮೆಣಸಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಮಧ್ಯಾಹ್ನದ ತನಕ ಕಟ್ಟೆಯ ಮೇಲೆ ಕೂತಿದ್ದಳಂತೆ.

ಸೋಲಾಪುರದಲ್ಲಿ ನಮಗೆ ಮೊದಲ ಬಹುಮಾನ ಬಂತು. ಊರಿಗೆ ತಿರುಗಿ ಬರುವಷ್ಟರಲ್ಲಿ ಆಯಿಯನ್ನು ಮಂದ್ರೂಪದ ಕಡೆ, ಆಕೆಯ ತಂಗಿಯ ಮಗಳ ಮನೆಗೆ ಕಳಿಸಿದ್ದರು. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಮನೆಯಲ್ಲಿ ಸಣ್ಣ ಕೂಸಿದೆ ಎಂದು ಸೊಸೆ ಅಂದಳಂತೆ, ಅಷ್ಟೆ. ಯಾರೂ ಕೈ ಮಾಡಲಿಲ್ಲವಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ.

ಎರಡು ವರ್ಷದ ಮೇಲೆ, ಸೋಲಾಪುರಕ್ಕೆ ಬದಲಿಯಾದ ನಂತರ, ಮಗಳನ್ನು ಕರೆದುಕೊಂಡು ಮಂದ್ರೂಪದ ಬಸ್ಸು ಹತ್ತಿದೆ. ಆಯಿ ಕಬ್ಬಿನ ಹೊಲದ ಬದಿಗೆ, ತೆಂಗಿನ ಸೋಗೆಯ ನೆರಳಲ್ಲಿ ಒಬ್ಬಳೇ ಕೂತಿದ್ದಳು. ಮನೆ ಅಲ್ಲಿಂದ ಬಲು ದೂರ. ಹಗಲೆಲ್ಲ ಇಲ್ಲೇ ಇರುತ್ತೇನೆ ಎಂದಳು.

“ತಪ್ಪಾತು ಆಯಿ” ಎಂದೆ.

“ಇರ್ಲಿ ಬಿಡ್ರಿ. ಪ್ರೈಜ್ ಬಂತಂತಲ್ಲ.”

ಮಗಳನ್ನು ಮುಂದಕ್ಕೆ ತಂದು, “ದೃಷ್ಟಿ ತಗಿ ಆಯಿ ಇಕಿಗಿ. ಯಾರ ಮುಂದ ಬೇಕಾದರೂ ತಗಿ. ನಡಿ, ಊರಿಗೇ ಹೋಗೂಣು” ಎಂದೆ.

ಆಯಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬ್ಯಾಡ್ರಿ ಅಕ್ಕೋರ. ಅಷ್ಟು ಮಂದಿ ಅಂತಾರಂದ್ರ ನನ್ನ ಕಣ್ಣಾಗ ಏನರ ಇದ್ದೀತು. ಇಷ್ಟು ವರ್ಷ ನನಗ ತಿಳೀಲಿಲ್ಲ. ಎಷ್ಟು ಕೂಸು ಮುಟ್ಟೀನೋ ಏನೋ.”

“ಏನೂ ಇಲ್ಲ ಆಯಿ. ಎಲ್ಲಾ ಸುಳ್ಳು, ನಾನ ಕಟ್ಟಿದ್ದು.”

“ಕೂಸಿನ್ನ ಆ ಕಡಿ ನಿಲ್ಲಸ್ರಿ” ಎಂದು ಆಯಿ ಕಬ್ಬಿನ ಕಡೆ ಮುಖ ಮಾಡಿ ಕೂತಳು. ನಾವು ಎದ್ದು ಹೊರಡುವ ತನಕ ನನ್ನ ಮಗಳ ಕಡೆ ತಿರುಗಿ ನೋಡಲೇ ಇಲ್ಲ.