ಮಿದೋರಿಯ ಕೊನೆಯ ಪುಟ

ಕಾಪುವಿನ ಸುತ್ತಮುತ್ತ ಮದುವೆಯಾಗುವ ಬ್ಯಾರಿ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿಯ ಅಂಗೈಗೆ ಮೆಹಂದಿ ಹಾಕಿದವಳು ರಿಝಾನಾ. ಕೋನ್ ಹಿಡಿದು ಕೂತಳೆಂದರೆ ಗೆರೆ ನಡುಗುವುದಿಲ್ಲ. ಮದುಮಗಳ ಕಡೆಯವರು ನಾಲ್ಕೂ ದಿಕ್ಕಿನಿಂದ ಸಲಹೆ ಕೊಟ್ಟರೂ ತುಟಿ ಬಿಚ್ಚುವುದಿಲ್ಲ. ಮೂವತ್ತು ದಾಟಿದೆ, ಮದುವೆಯಾಗಿಲ್ಲ. ಅದರ ಬಗ್ಗೆ ಊರಿಗಿರುವಷ್ಟು ಚಿಂತೆ ಅವಳಿಗಿಲ್ಲ. ಅವಳ ಚಿಂತೆಯೇ ಬೇರೆ. ಅವಳು ಫೋನಿನಲ್ಲಿ ಓದುತ್ತಿದ್ದ ಜಪಾನಿನ ಚಿತ್ರಕಥೆಯೊಂದರಲ್ಲಿ ಮೀನುಗಾರಿಕೆ ಹಡಗಿನ ಅಡುಗೆಯವಳೊಬ್ಬಳಿದ್ದಳು. ಕಥೆ ಕಾವೇರುವ ಮೊದಲೇ ಕಥೆಗಾರ ಆಕೆಯನ್ನು ಸಮುದ್ರದಲ್ಲಿ ಮುಳುಗಿಸಿಬಿಟ್ಟ. ಉಳಿದ ಓದುಗರು ಕಥೆಯೊಂದಿಗೆ ಮುಂದೆ ಹೋದರು. ರಿಝಾನಾಳಿಗೆ ಹೋಗಲಾಗಲಿಲ್ಲ.

ಅವಳಂತೆಯೇ ಹಿಂದೆ ಉಳಿದವಳು ಜಪಾನಿನಲ್ಲೊಬ್ಬಳಿದ್ದಳು, ಮಿದೋರಿ ಎಂದು. ತಮಗಿಷ್ಟವಾದ ಕಥೆಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ತಾವೇ ಹೊಸ ಕಥೆ ಕಟ್ಟಿ, ಚಿತ್ರ ಬಿಡಿಸಿ, ಕೈಯಿಂದ ಖರ್ಚು ಮಾಡಿ ಅಚ್ಚು ಹಾಕಿಸಿ, ಅಭಿಮಾನಿಗಳದೇ ಸಂತೆಯಲ್ಲಿ ಮೇಜು ಹಾಕಿ ಮಾರುವುದು ಅಲ್ಲಿಯ ರೂಢಿ. ಆ ತೆಳ್ಳನೆಯ ಪುಸ್ತಕಗಳಿಗೆ ದೊಜಿನ್‌ಶಿ ಎನ್ನುತ್ತಾರೆ. ಮಿದೋರಿಯ ದೊಜಿನ್‌ಶಿಯಲ್ಲಿ ಅಡುಗೆಯವಳು ಮುಳುಗಿರಲಿಲ್ಲ. ಯಾವುದೋ ದ್ವೀಪದ ದಡ ಸೇರಿ ಒಲೆ ಹಚ್ಚಿದ್ದಳು. ಮಾದರಿಗೆಂದು ಮಿದೋರಿ ತನ್ನ ಜಾಲಪುಟದಲ್ಲಿ ಹಾಕಿದ್ದ ಎರಡು ಹಾಳೆಗಳನ್ನು ನೋಡಿದ ದಿನ ರಿಝಾನಾ ಬಚ್ಚಲುಮನೆಗೆ ಹೋಗಿ ಅತ್ತು ಬಂದಳು.

ಆದರೆ ಪುಸ್ತಕ ಸಿಗಬೇಕಲ್ಲ! ಜಪಾನಿನ ಹಳೆ ಪುಸ್ತಕದಂಗಡಿಗಳ ಜಾಲತಾಣಗಳಲ್ಲಿ ಅಡುಗೆಯವಳ ಹೆಸರನ್ನು ಅಲ್ಲಿಯ ಅಕ್ಷರದಲ್ಲಿ ಅಂಟಿಸಿ ಹುಡುಕಿದಳು. ಬಂದದ್ದೇನು? ಹೇಸಿಗೆ. ಅದೇ ಅಡುಗೆಯವಳು, ಮೈಮೇಲೆ ನೂಲಿಲ್ಲದೆ, ಹಡಗಿನ ಅಷ್ಟೂ ಗಂಡಸರ ನಡುವೆ. ಪುಟ ತಿರುವಿದಷ್ಟೂ ಅದೇ. ಸಮುದ್ರದಲ್ಲಿ ಸತ್ತವಳಿಗೆ ಬೇರೆ ಅಭಿಮಾನಿಗಳ ಕೈಯಲ್ಲಿ ಇನ್ನೊಂದು ಸಾವು. ಉಮ್ಮ ಹತ್ತಿರ ಬಂದರೆ ಫೋನನ್ನು ಎದೆಗೆ ಕವುಚಿಕೊಳ್ಳುತ್ತ, ಹಲ್ಲು ಕಚ್ಚಿ, ಚರಂಡಿಗೆ ಕೈಹಾಕಿ ಉಂಗುರ ಹುಡುಕುವವರ ಹಾಗೆ ಹುಡುಕಿದಳು. ಮಿದೋರಿಯ ಪುಸ್ತಕ ಎಲ್ಲಿಯೂ ಇರಲಿಲ್ಲ.

ಕೊನೆಗೆ ಅನುವಾದದ ಆ್ಯಪ್ ಹಿಡಿದು ಮಿದೋರಿಗೇ ಬರೆದಳು. ತನ್ನ ಎಡ ಅಂಗೈಯಲ್ಲಿ ಮೆಹಂದಿಯಿಂದ ಅಲೆ, ಒಲೆ, ಸೌಟು ಬಿಡಿಸಿ ಫೋಟೊ ಕಳಿಸಿದಳು. ಹೊರದೇಶಕ್ಕೆ ಕಳಿಸುವುದಿಲ್ಲ ಎಂದು ಮಿದೋರಿ ಮೊದಲೇ ಬರೆದುಕೊಂಡಿದ್ದಳು. ಹಿಂದೊಮ್ಮೆ ಯಾರೋ ಪರದೇಶದವರು ಅವಳ ಪುಸ್ತಕವನ್ನು ಪೂರ್ತಿ ಅಂತರ್ಜಾಲಕ್ಕೆ ಸುರಿದಿದ್ದರಂತೆ. ಆದರೂ ಅಂಗೈಯ ಒಲೆ ಅವಳ ಮನಸ್ಸು ಕರಗಿಸಿತು. ‘ಇದೇ ಕೊನೆಯ ಭಾಗ, ಮತ್ತೆ ಅಚ್ಚು ಹಾಕಿಸುವುದಿಲ್ಲ. ನಿಮಗೊಂದು ತೆಗೆದಿಟ್ಟಿದ್ದೇನೆ. ದಯವಿಟ್ಟು ಪ್ರತಿ ಮಾಡಬೇಡಿ, ಎಲ್ಲಿಯೂ ಹಾಕಬೇಡಿ’ ಎಂದು ಬರೆದಳು. ರಿಝಾನಾ ಮಾತು ಕೊಟ್ಟಳು. ಅವಳ ಮಟ್ಟಿಗೆ ಅದು ಬಾಯಿಮಾತಲ್ಲ.

ಪುಸ್ತಕ ಜಪಾನಿನ ಮಧ್ಯವರ್ತಿ ಕಂಪನಿಯ ಮೂಲಕ ದುಬೈಗೆ ಹೋಯಿತು. ಅಲ್ಲಿ ಅತ್ತರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ತಮ್ಮ ನಜೀಬ್ ಊರಿಗೆ ಹೊರಡುವವನಿದ್ದ. ಕೈಚೀಲದಲ್ಲೇ ತಾ ಎಂದು ರಿಝಾನಾ ಹೇಳಿ ಹೇಳಿ ಇಟ್ಟಿದ್ದಳು. ಆ ಮಹಾಶಯ ಜಾಗವಿಲ್ಲವೆಂದು ಅದನ್ನು ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ, ಹಾಲಿನ ಪುಡಿಯ ಡಬ್ಬಗಳ ನಡುವೆ ತುರುಕಿದ.

ಗಲ್ಫಿನ ಪೆಟ್ಟಿಗೆ ಬಿಚ್ಚುವುದೆಂದರೆ ಏನೆಂದು ಕರಾವಳಿಯಲ್ಲಿ ಹುಟ್ಟಿದವರಿಗೆ ಗೊತ್ತು. ನೆಂಟರೆಲ್ಲ ಸುತ್ತ ಕೂರುತ್ತಾರೆ, ಹಗ್ಗ ಕತ್ತರಿಸುತ್ತಾರೆ, ಕಣ್ಣಿಗೆ ಬಿದ್ದದ್ದನ್ನು ಎತ್ತಿ ‘ಇದು ಚೆಂದ ಉಂಟಲ್ಲ’ ಅನ್ನುತ್ತಾರೆ. ಅಷ್ಟಂದರೆ ಮುಗಿಯಿತು, ಅದು ಅವರದ್ದು. ಪೆಟ್ಟಿಗೆಯ ಮುಂದೆ ಇಲ್ಲ ಎನ್ನುವ ಬಾಯಿ ಯಾವ ಮನೆಯಲ್ಲೂ ಇಲ್ಲ. ಕಾರ್ಕಳದಿಂದ ಬಂದಿದ್ದ ಆಸ್ಯಾ ಮಾಮಿ ಎರಡು ಬಾಟ್ಲಿ ಅತ್ತರು ಎತ್ತಿಟ್ಟುಕೊಂಡರು. ಅವರ ಮಗ ಇಮ್ತಿಯಾಝ್ ಪುಸ್ತಕ ಎತ್ತಿದ. ಮಣಿಪಾಲದಲ್ಲಿ ಹಾಸ್ಟೆಲುಗಳ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟವನು. ವಿದ್ಯಾರ್ಥಿಗಳಿಗೆ ಯಾವುದರ ಹುಚ್ಚು ಎಂಬುದು ಅವನಿಗೆ ಅಂಗೈನೆಲ್ಲಿ.

“ಇದು ಚೆಂದ ಉಂಟಲ್ಲ! ನೋಡಿ ಕೊಡ್ತೇನೆ.”

“ನಾನೇ ಇನ್ನೂ ಓದಲಿಲ್ಲ,” ಎಂದಳು ರಿಝಾನಾ.

“ಕೊಡು ರಿಝಾ, ಪುಸ್ತಕ ಅಲ್ವಾ? ತಿಂದುಹಾಕುವುದಿಲ್ಲ ಅವನು,” ಎಂದರು ಉಮ್ಮ.

ಮಾಮಿ ಅತ್ತರಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ಇವಳನ್ನೇ ನೋಡುತ್ತಿದ್ದರು. ರಿಝಾನಾ ಪುಸ್ತಕದ ತುದಿ ಹಿಡಿದಿದ್ದ ಕೈ ಬಿಟ್ಟಳು.

“ಪ್ರತಿ ಮಾಡ್ಲಿಕ್ಕಿಲ್ಲ ಇಮ್ತಿಯಾಝ್. ಬರೆದವಳಿಗೆ ನಾನು ಮಾತು ಕೊಟ್ಟಿದ್ದೇನೆ.”

“ಅಯ್ಯೋ ಮಾರಾಯ್ತಿ, ನನ್ನ ಮೇಲೆ ಅಷ್ಟು ಸಹ ನಂಬಿಕೆ ಇಲ್ವಾ?”

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಕೇಳಿದಾಗಲೆಲ್ಲ ಅವನಿಗೆ ಅಂಗಡಿಯಲ್ಲಿ ರಶ್ಶು. ಅಷ್ಟರಲ್ಲಿ ಮಣಿಪಾಲದ ಒಂದು ಸಭಾಂಗಣದಲ್ಲಿ ಜಪಾನಿ ಚಿತ್ರಕಥೆಗಳ ಅಭಿಮಾನಿಗಳ ಕೂಟ ನಡೆಯುತ್ತದೆಂದು ಗೊತ್ತಾಗಿ, ಹೇಗೂ ಪುಸ್ತಕ ಇಸಕೊಂಡು ಬರಬೇಕೆಂದು ರಿಝಾನಾ ಬಸ್ಸು ಹತ್ತಿದಳು. ಕಥೆಯ ಪಾತ್ರಗಳಂತೆ ಬಣ್ಣದ ಕೂದಲಿನ ಟೋಪನ್ ತೊಟ್ಟ ಹುಡುಗ ಹುಡುಗಿಯರ ನಡುವೆ ಬುರ್ಖಾದಲ್ಲಿ ನಡೆಯುವಾಗ ಮೊದಲಿಗೆ ಅವಳಿಗೆ ಖುಷಿಯೇ ಆಯಿತು. ಇಷ್ಟು ಮಂದಿ ಇದ್ದಾರಲ್ಲ ನನ್ನ ಹಾಗಿನವರು ಎಂದುಕೊಂಡಳು.

ಆಗ ಮೂಲೆಯ ಮೇಜಿನ ಮೇಲೆ ಅಡುಗೆಯವಳು ಕಂಡಳು. ಒಬ್ಬಳಲ್ಲ, ಅಟ್ಟಿಗಟ್ಟಲೆ. ಮಿಂಚುವ ಕಾಗದ, ಕಲಸಿಹೋದ ಮಸಿ, ಪ್ರತಿಯೊಂದು ರಟ್ಟಿನಲ್ಲೂ ಅಡುಗೆಯವಳ ಮುಖದ ಮೇಲೆ ಅಡ್ಡಡ್ಡವಾಗಿ ಇಮ್ತಿಯಾಝನ ಅಂಗಡಿಯ ಹೆಸರು ಮತ್ತು ಫೋನ್ ನಂಬರು. ರಿಝಾನಾ ಒಂದನ್ನೆತ್ತಿ ಹಿಂದಿನಿಂದ ತೆರೆದಳು. ಮಿದೋರಿಯಂಥವರು ಕೊನೆಯ ಪುಟದಲ್ಲಿ ಓದುಗರಿಗೆ ನಾಲ್ಕು ಮಾತು ಬರೆಯುತ್ತಾರೆ. ಪ್ರತಿ ಮಾಡಬೇಡಿ ಎಂದು ಬೇಡಿಕೊಳ್ಳುವುದೂ ಅಲ್ಲಿಯೇ. ಆ ಪುಟ ಇರಲಿಲ್ಲ.

“ಕೊನೆಯ ಪುಟ ಎಲ್ಲಿ?” ಎಂದು ಮೇಜಿನ ಹಿಂದಿದ್ದ ವಿದ್ಯಾರ್ಥಿಯನ್ನು ಕೇಳಿದಳು. ಅವನ ಹೆಸರು ಆಂಡ್ರ್ಯೂ ಎಂದು ಕೊರಳಿನ ಚೀಟಿಯಲ್ಲಿತ್ತು.

“ಅದಾ? ಅದರಲ್ಲಿ ಎಂತ ಬರೆದಿದೆ ಅಂತ ಇಮ್ತಿಯಾಝ್ ಭಾಯಿ ನನ್ನ ಹತ್ರ ಕೇಳಿದ್ರು. ನಾನು ಸ್ವಲ್ಪ ಜಪಾನಿ ಕಲಿತಿದ್ದೇನೆ, ಓದಿ ಹೇಳಿದೆ. ಹಾಗಾದ್ರೆ ಆ ಪುಟ ಬೇಡ ಅಂದ್ರು.”

ಗೊತ್ತಿಲ್ಲದೆ ಮಾಡಿದವನನ್ನು ಕ್ಷಮಿಸಬಹುದು. ಇಮ್ತಿಯಾಝ್ ಮಿದೋರಿ ಬೇಡ ಎಂದದ್ದನ್ನು ಓದಿಸಿ ಕೇಳಿ, ಆ ಬೇಡ ಎಂಬ ಮಾತನ್ನೇ ಪ್ರತಿಗಳಿಂದ ಕಿತ್ತುಹಾಕಿದ್ದ. ರಿಝಾನಾ ಕೈಯಲ್ಲಿದ್ದ ಪ್ರತಿಯನ್ನು ಮೇಜಿನ ಮೇಲೆ ಕವುಚಿ ಹಾಕಿದಳು. ಅಲ್ಲಿಂದ ನೇರ ಅಂಗಡಿಗೆ ನಡೆದಳು.

ಮೂಲ ಪುಸ್ತಕ ಯಂತ್ರದ ಪಕ್ಕದಲ್ಲಿತ್ತು. ಪುಸ್ತಕ ಎನ್ನಬೇಕೇ? ಸ್ಕ್ಯಾನ್ ಮಾಡಲು ಸುಲಭವಾಗಲೆಂದು ಕಾಗದ ಕತ್ತರಿಸುವ ಯಂತ್ರಕ್ಕೆ ಕೊಟ್ಟು ಬೆನ್ನನ್ನೇ ಕೊಯ್ದಿದ್ದ. ಬಿಡಿಬಿಡಿಯಾದ ಹಾಳೆಗಳ ಮೇಲೆ ಅವನ ಚಹಾ ಲೋಟ ಕೂತಿತ್ತು. ಮೀನು ಕೊಯ್ಯುವ ಕಲ್ಲನ್ನಾದರೂ ಜನ ತೊಳೆದಿಡುತ್ತಾರೆ.

“ಸಿಟ್ಟು ಮಾಡ್ಬೇಡ ರಿಝಾ. ಹಾಳೆ ಎಲ್ಲ ಉಂಟು, ಸ್ಪೈರಲ್ ಹಾಕಿ ಕೊಡ್ತೇನೆ, ಫ್ರೀ,” ಎಂದು ಇಮ್ತಿಯಾಝ್ ನಕ್ಕ. “ಜಪಾನಿನಲ್ಲಿ ಕೂತವಳಿಗೆ ಮಣಿಪಾಲದ್ದು ಎಂತ ಗೊತ್ತಾಗ್ತದೆ? ಮತ್ತೆ ಅವಳದ್ದು ಸಹ ಕದ್ದದ್ದೇ ಅಲ್ವಾ? ಪಾತ್ರ ಬೇರೆಯವರದ್ದು.”

ರಿಝಾನಾ ಹಾಳೆಗಳನ್ನು ಒಟ್ಟುಮಾಡಿ, ಚಹಾದ ಕಲೆಯನ್ನು ಶಾಲಿನ ತುದಿಯಿಂದ ಒತ್ತಿ, ಎದೆಗವಚಿಕೊಂಡು ಬಂದಳು. ಅವನ ಮಾತಿಗೆ ಉತ್ತರ ಹೊಳೆದದ್ದು ಬಸ್ಸು ಉಡುಪಿ ದಾಟಿದ ಮೇಲೆ. ಮಿದೋರಿ ಎತ್ತಿಕೊಂಡದ್ದು ಯಾರಿಗೂ ಬೇಡವಾಗಿ ಮುಳುಗಿದವಳನ್ನು. ಅವಳಿಗೆ ಬಟ್ಟೆ ಕೊಟ್ಟಳು, ಒಲೆ ಕೊಟ್ಟಳು, ಮೊದಲು ಬರೆದವನ ಹೆಸರನ್ನು ಮೊದಲ ಪುಟದಲ್ಲೇ ಹಾಕಿ ಕೈಮುಗಿದಳು. ಇವನು ಅವಳ ಮುಖದ ಮೇಲೆ ಫೋನ್ ನಂಬರು ಹೊಡೆದ. ಎರಡಕ್ಕೂ ಕದಿಯುವುದೆಂಬ ಒಂದೇ ಹೆಸರಿಟ್ಟರೆ ಹೆಸರಿಟ್ಟವನ ನಾಲಿಗೆ ತೊಳೆಯಬೇಕು.

ಮಿದೋರಿಗೆ ಹೇಳದೆ ಇದ್ದುಬಿಡಬಹುದಿತ್ತು. ಇಮ್ತಿಯಾಝ್ ಅಂದಂತೆ ಅಲ್ಲಿಯವರಿಗೆ ಎಂತ ಗೊತ್ತಾಗುತ್ತಿತ್ತು? ರಿಝಾನಾ ಬರೆದಳು. ಅಳಿಸಿದಳು, ಮತ್ತೆ ಬರೆದಳು. ‘ಹೊರಗಿನವರಲ್ಲ, ನನ್ನ ಮಾವನ ಮಗನೇ ಮಾಡಿದ. ಕೊಟ್ಟದ್ದು ನಾನು’ ಎಂದು ಕಳಿಸಿದಳು.

ಬೈದು ಬರೆದಿದ್ದರೆ ಚೆನ್ನಾಗಿತ್ತು. ಮಿದೋರಿ ಬೈಯಲಿಲ್ಲ. ‘ನನ್ನ ಪುಸ್ತಕದಿಂದ ನಿಮ್ಮ ಮನೆಯಲ್ಲಿ ತೊಂದರೆಯಾಯಿತು, ಕ್ಷಮಿಸಿ. ನೀವು ಓದಿದ್ದು ಸಂತೋಷ’ ಎಂದಿತ್ತು ಉತ್ತರ. ಮರುದಿನ ಅವಳ ಜಾಲಪುಟದಲ್ಲಿದ್ದ ಮಾದರಿ ಹಾಳೆಗಳೂ ಇರಲಿಲ್ಲ. ಹೊರದೇಶದವರು ಇನ್ನು ಮುಂದೆ ಪತ್ರ ಬರೆಯಬಾರದೆಂದು ಒಂದು ಸಾಲಷ್ಟೇ ಇತ್ತು.

ಇದಾದ ಮೇಲೆ ಉಮ್ಮನಿಗೆ ನೆಂಟಸ್ತಿಕೆಯ ಚಿಂತೆ ಹತ್ತಿತು. ಮುಖ ಊದಿಸಿಕೊಂಡು ಎಷ್ಟು ದಿನ ಎಂದು ಗದರಿಸಿ, ಮಗಳನ್ನು ಕಾರ್ಕಳಕ್ಕೆ ಊಟಕ್ಕೆ ಎಳೆದುಕೊಂಡು ಹೋದರು. ಆಸ್ಯಾ ಮಾಮಿ ತುಪ್ಪದನ್ನ, ಕೋಳಿ ಸುಕ್ಕ ಮಾಡಿದ್ದರು. ಇಮ್ತಿಯಾಝ್ ಎದುರಿಗೇ ಕೂತ.

“ಆ ಪುಸ್ತಕ ಒಳ್ಳೆ ಹೋಯ್ತು ಮಾರಾಯ್ತಿ. ಮಕ್ಕಳು ಇನ್ನೊಂದು ಕೇಳ್ತಾರೆ. ತರಿಸು.”

“ಬರುವುದಿಲ್ಲ. ಅವಳು ಇನ್ನು ಹೊರಗಿನವರಿಗೆ ಕೊಡುವುದಿಲ್ಲ. ನೀನು ಮಾಡಿದ್ದನ್ನು ನಾನೇ ಅವಳಿಗೆ ಬರೆದು ಹೇಳಿದೆ.”

ಮಾಮಿಯ ಕೈಯಲ್ಲಿದ್ದ ಸೌಟು ನಿಂತಿತು. “ಮನೆಯ ಹುಡುಗನ ಹೆಸರನ್ನು ಯಾರೋ ಜಪಾನಿನವಳ ಹತ್ರ ಹೇಳಿದ್ಯಾ? ನಿನಗೆ ನಾಚಿಕೆ ಇಲ್ವಾ?”

ರಿಝಾನಾ ಉಮ್ಮನ ಕಡೆ ನೋಡಿದಳು.

“ತಪ್ಪು ಮಾಡಿದಿ ರಿಝಾ,” ಎಂದರು ಉಮ್ಮ. “ಮನೆಯದ್ದು ಮನೆಯಲ್ಲಿ ಇರ್ಬೇಕು. ಊಟ ಮಾಡು.”

ಅವಳು ಎತ್ತಿದ ತುತ್ತನ್ನು ಬಟ್ಟಲಿಗೇ ಬಿಟ್ಟಳು. ನೆಂಟರ ಮನೆಯಲ್ಲಿ ಬಟ್ಟಲಲ್ಲಿ ಅನ್ನ ಬಿಟ್ಟು ಏಳುವುದು ಎಷ್ಟು ದೊಡ್ಡ ಮಾತೆಂದು ಅವಳಿಗೆ ಗೊತ್ತಿತ್ತು. ಎದ್ದಳು.

“ಹೇಸಿಗೆ ಆಗ್ತದೆ ಮಾಮಿ,” ಎಂದಳು. ಕೈ ತೊಳೆದು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ, ಉಮ್ಮ ಹಿಂದೆಯೇ ಬರುತ್ತಾರೇನೋ ಎಂದು ತಿರುಗಿ ನೋಡಿದಳು. ಉಮ್ಮ ಮಾಮಿಯ ಕೈಯಿಂದ ಸೌಟು ತೆಗೆದುಕೊಂಡು, ಇಮ್ತಿಯಾಝನ ಬಟ್ಟಲಿಗೆ ಇನ್ನೊಂದು ತುಂಡು ಕೋಳಿ ಬಡಿಸುತ್ತಿದ್ದರು.