ಸುಮ್ಮನೆ ಬಗ್ಗಿದ ತವರ

ನನಗೆ ಸಿಟ್ಟು ಜಾಸ್ತಿ ಅಂತ ರಾಮನಗರದ ನಮ್ಮ ಬೀದಿಯೆಲ್ಲ ಹೇಳ್ತದೆ. ಹೇಳ್ಕೊಳ್ಳಲಿ. ಕಲಾಯಿ ಬಾಬಾಜಾನ್ ಮಗಳಾಗಿ ಹುಟ್ಟಿ, ಮದುವೆಯಾಗಿ, ಗಂಡನ್ನ ಕಳ್ಕೊಂಡು ವಾಪಸ್ ಬಂದು, ಅದೇ ಅಪ್ಪನ ಜೊತೆ ದಿನಾ ಬೆಂಕಿ ಮುಂದೆ ಕೂರೋಳಿಗೆ ತಲೆ ಎಲ್ಲಿಂದ ತಣ್ಣಗಿರ್ತದೆ? ಆದ್ರೆ ಸೋಲೂರು ಕಡೆ ಒಂದು ಹಳ್ಳೀಲಿ ನಾನು ಅಪ್ಪನಿಗೆ ಮಾಡಿದ್ದು ಸಿಟ್ಟಿಂದ ಮಾಡಿದ್ದು ಅಂತ ಯಾರಾದ್ರೂ ಅಂದ್ರೆ ಮಾತ್ರ ಸುಮ್ಮನಿರಲ್ಲ.

ನಮ್ಮಬ್ಬ ಹಿತ್ತಾಳೆ ಪಾತ್ರೆಗಳ ಒಳಗಡೆ ತವರ ಹಚ್ಚೋರು. ಸ್ಟೀಲು ಬಂತು, ನಾನ್‌ಸ್ಟಿಕ್ ಬಂತು, ಜೊತೇಲಿದ್ದ ಕಲಾಯಿಯೋರೆಲ್ಲ ಹಣ್ಣಿನ ಗಾಡಿ ಇಟ್ಕೊಂಡ್ರು, ಇವರು ಬಿಡಲಿಲ್ಲ. ಈಗ ಜನಕ್ಕೆ ಮತ್ತೆ ಹಿತ್ತಾಳೆ ಹುಚ್ಚು ಹಿಡಿದೈತೆ. ಫೋನಲ್ಲಿ ಯಾರೋ ಹಿತ್ತಾಳೇಲಿ ಸಾರು ಕಾಯಿಸಿದ್ದು ನೋಡಿ, ಅಟ್ಟದಿಂದ ಅಜ್ಜಿ ಪಾತ್ರೆ ಇಳಿಸಿ, ಕಲಾಯಿ ಇಲ್ದೇನೇ ಒಲೆ ಮೇಲಿಡ್ತಾರೆ. ಹೊಟ್ಟೆ ತೊಳಸಿದಾಗ ನಮ್ಮ ನೆನಪಾಗ್ತದೆ. ಅಂಥೋರು ಬಂದ್ರೆ ಅಬ್ಬ ಪಾತ್ರೆ ಮುಟ್ಟೋಕೆ ಮುಂಚೆ ಒಂದು ಸುತ್ತು ಬಯ್ಯೋರು. "ಹೊಳೀತದೆ ಅಂತ ಉಣ್ತೀರಾ? ಹುಳಿ ಬಿದ್ರೆ ಹಿತ್ತಾಳೆ ಕಿಲುಬು ಬುಡ್ತದೆ. ಆ ಕಿಲುಬು ಯಾರ ಹೊಟ್ಟೆಗೆ ಹೋಯ್ತದೆ? ನಿಮ್ಮ ಫೋನಿಗಾ?" ಬಯ್ಸಿಕೊಂಡೋರೇ ಮುಂದಿನ ಸಲ ಇನ್ನೊಬ್ಬರನ್ನ ಕರ್ಕೊಂಡು ಬರ್ತಿದ್ರು.

ಕಲಾಯಿ ಅಂದ್ರೆ ಬಣ್ಣ ಬಳಿಯೋದಲ್ಲ. ಪಾತ್ರೆ ಚೆನ್ನಾಗಿ ಕಾಯಿಸಿ ನವಸಾಗರದ ಪುಡಿ ಎಸೆದ್ರೆ ಬುಸ್ಸಂತ ಬಿಳೀ ಹೊಗೆ ಎದ್ದು ಮೇಲಿನ ಕೊಳೆ ಕಿತ್ಕೊಂಡು ಬರ್ತದೆ. ಆಗ ತವರದ ಕಡ್ಡಿ ಮುಟ್ಟಿಸಿ, ಕರಗಿದ್ದನ್ನ ಹತ್ತೀಲಿ ಒರೆಸ್ಬೇಕು. ಹಿತ್ತಾಳೆ ಶುದ್ಧವಾಗಿದ್ರೆ ತವರ ಅದರ ಮೇಲೆ ಬರೀ ಕೂರಲ್ಲ, ಒಳಕ್ಕೆ ಕೈ ಹಾಕಿ ಹಿಡ್ಕೊಳ್ತದೆ, ಎರಡೂ ಒಂದೇ ಆಗ್ತವೆ. ಒಸಿ ಜಿಡ್ಡಿದ್ರೂ ಹನಿಹನಿಯಾಗಿ ಜಾರಿ ಓಡ್ತದೆ.

ತವರ ಕೊಳ್ಳೋದರಲ್ಲಿ ಅಬ್ಬನ್ನ ಮೀರಿಸಿದೋರಿರಲಿಲ್ಲ. ಸೀಸ ಬೆರೆಸಿದ ಕಡ್ಡಿ ಅಗ್ಗ, ನೋಡೋಕೆ ತವರದಷ್ಟೇ ಹೊಳಪು, ಹೊಟ್ಟೆಗೆ ವಿಷ. ಕಣ್ಣಲ್ಲಿ ನೋಡಿ ಯಾರಿಗೂ ಕಂಡುಹಿಡಿಯೋಕಾಗಲ್ಲ. ಅಬ್ಬ ಕಡ್ಡೀನ ಕಿವಿ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸೋರು. ತವರದೊಳಗೆ ಸಣ್ಣ ಸಣ್ಣ ಹರಳು ಒತ್ತೊತ್ತಾಗಿ ಕೂತಿರ್ತವೆ. ಬಗ್ಗಿಸಿದಾಗ ಅವು ಇದ್ದಕ್ಕಿದ್ದಂಗೆ ಜಾಗ ಬದಲಾಯಿಸಿ ಕಿರಕಿರ ಅಂತವೆ. ಸೀಸ ಸೇರಿದ್ರೆ ಆ ಜೋಡಣೆ ಕೆಟ್ಟುಹೋಗಿ ಸದ್ದೇ ಬರಲ್ಲ. ಇದನ್ನ ಅಬ್ಬ ಹೇಳೋ ರೀತೀನೇ ಬೇರೆ: "ತವರಕ್ಕೆ ಮಾನ ಐತೆ, ಬಗ್ಗಿಸಿದ್ರೆ ತಕರಾರು ಮಾಡ್ತದೆ. ಸೀಸ ನಾಚಿಕೆಗೆಟ್ಟಿದ್ದು, ಎಂಗೆ ಬಗ್ಗಿಸಿದ್ರೂ ಬಾಯಿ ಬಿಡಲ್ಲ."

ಆ ಸೋಲೂರು ಕಡೆ ಹಳ್ಳೀಲಿ ಮಾಯಮ್ಮ ಅಂತ ಹಿರಿಯ ಹೆಂಗಸು, ಹಾಲಿನ ಡೈರಿ ಪಕ್ಕದ ಮನೆ. ಮೊಮ್ಮಗಳು ನವ್ಯಶ್ರೀ ಬಸುರಿ, ಮಾರನೇ ದಿನ ಸೀಮಂತ. ಬಯಕೆ ಊಟಕ್ಕೆ ಹುಳಿಯನ್ನ ಆಗ್ಲೇಬೇಕು, ಅದೂ ಅತ್ತೆ ಕಾಲದ ಹಿತ್ತಾಳೆ ಕೊಪ್ಪರಿಗೇಲೇ ಆಗ್ಬೇಕು ಅಂತ ಆಯಮ್ಮನ ಹಟ. ನಾವು ಬೆಳಿಗ್ಗೆ ಹೋದ್ವಿ, ನಾನು ಬೆಂಕಿ ನೋಡ್ಕೊಂಡೆ, ಅಬ್ಬ ಹೊಸ ಕಡ್ಡೀಲಿ ಕೊಪ್ಪರಿಗೆಗೆ ಕಲಾಯಿ ಹಾಕಿಕೊಟ್ರು. ಅವರು ತೊಳೆದು, ಅಲ್ಲೇ ಅಂಗಳದಲ್ಲಿ ಹುಣಸೆ ಗೊಜ್ಜು ಕುದಿಸಿ, ಇಳಿಸಿ ಆರೋಕಿಟ್ರು. ಅಬ್ಬ ಊಟಕ್ಕೆ ಎದ್ದು ಹೋದಾಗ, ಉಳಿದಿದ್ದ ಚಿಕ್ಕ ಪಾತ್ರೆಗೆ ಅದೇ ಕಡ್ಡೀನ ನಾನೇ ಮುಟ್ಟಿಸಿದೆ.

ಬಿಸಿ ತಾಕೋದೇ ತಡ, ಕಡ್ಡಿ ಬೆಣ್ಣೆ ಥರ ಕರಗಿಹೋಯ್ತು. ಇಷ್ಟು ಬೇಗ ಯಾವತ್ತೂ ಕರಗಿದ್ದಿಲ್ಲ. ಹತ್ತಿ ನೋಡಿದ್ರೆ ಕರ್ರಗೆ. ಬೆಂಕಿ ಊದೋ ಬ್ಲೋವರ್ ಆಫ್ ಮಾಡಿ, ಉಳಿದ ಕಡ್ಡೀನ ಕಿವಿಗೆ ಹಿಡಿದು ಬಗ್ಗಿಸಿದೆ. ಸದ್ದಿಲ್ಲ. ಮತ್ತೆ ಬಗ್ಗಿಸಿದೆ. ಹಸಿ ಬಳ್ಳಿ ಹಂಗೆ ಸುಮ್ಮನೆ ಬಗ್ತು.

ಹಿಂದಿನ ದಿನ ಅಂಗಡೀಲಿ ಇದೇ ಕಡ್ಡಿ ಬಗ್ಗಿಸಿ, ತಲೆ ಆಡಿಸಿ, "ಅಸಲಿ ಮಾಲು" ಅಂದಿದ್ರು ಅಬ್ಬ. ಪಕ್ಕದಲ್ಲೇ ನಾನು ನಿಂತಿದ್ದೆ. ಒಂದೆರಡು ವರ್ಷದಿಂದ ಅವರನ್ನ ಎರಡೆರಡು ಸಲ ಕರೀಬೇಕಾಗಿತ್ತು. ಬ್ಲೋವರ್ ಸದ್ದು ಅಂತಿದ್ರು, ಟೀವಿ ಸದ್ದು ಅಂತಿದ್ರು. ಈಗ ಗೊತ್ತಾಯ್ತು. ಆ ಅಂಗಡಿಯೋನ ಮನೆ ಎಕ್ಕುಟ್ಟೋಗ, ಅವನಿಗೂ ಅದು ಗೊತ್ತಾಗಿತ್ತು ಅನ್ಸುತ್ತೆ. ಕಿವಿ ಕೇಳದ ಮುದುಕನಿಗೆ ನಗ್ತಾ ನಗ್ತಾ ಸೀಸ ಕಟ್ಟಿಕೊಟ್ಟಿದ್ದ. ಅವನ ಮೇಲೆ ಎಷ್ಟು ಉರೀತೋ ಅದರ ಎರಡರಷ್ಟು ಅಬ್ಬನ ಮೇಲೆ ಉರೀತು. ಕೇಳ್ಸಲ್ಲ ಅಂತ ಮಗಳ ಹತ್ರ ಒಂದು ಮಾತು ಹೇಳೋಕೇನಾಗಿತ್ತು?

ನೇರ ಅಂಗಳಕ್ಕೆ ಹೋಗಿ, "ಗೊಜ್ಜು ಯಾರೂ ಮುಟ್ಬೇಡಿ, ತವರದಲ್ಲಿ ಸೀಸ ಸೇರೈತೆ, ಚೆಲ್ಲಿಬಿಡಿ" ಅಂದೆ.

ನವ್ಯಶ್ರೀ ಅಣ್ಣ ಅಶ್ವಥ್ ನಕ್ಕುಬಿಟ್ಟ. "ಒಂದೂಟಕ್ಕೆ ಯಾರಾದ್ರೂ ಸಾಯ್ತಾರಾ ಅಕ್ಕ?"

"ಸಾಯಲ್ಲ! ಸತ್ತಿದ್ರೆ ಆ ಅಂಗಡಿಯೋನು ಇಷ್ಟೊತ್ತಿಗೆ ಜೈಲಲ್ಲಿರ್ತಿದ್ದ. ಇದು ಮೂಳೇಲಿ ಹೋಗಿ ಕೂರ್ತದೆ. ನಿನ್ನ ತಂಗಿ ಹೊಟ್ಟೇಲಿರೋ ಕೂಸಿಗೂ ಇಳೀತದೆ. ಅದಕ್ಕೆ ನಾಳೆ ಓದು ಹತ್ತಲಿಲ್ಲ ಅಂದ್ರೆ ಮೇಷ್ಟ್ರನ್ನ ಬಯ್ಕೊಂಡು ಕೂರು. ಇದೊಂದೇ ಊಟ ಅಂತ ಯಾರು ಹೇಳಿದ್ದು? ಈ ಕೊಪ್ಪರಿಗೇಲಿ ಇನ್ನು ನಾಮಕರಣಕ್ಕೂ ಅಡುಗೆ ಮಾಡ್ತೀರಲ್ಲ!"

ಅವನ ನಗು ನಿಂತುಹೋಯ್ತು. ನವ್ಯಶ್ರೀ ಹೊಟ್ಟೆ ಮೇಲೆ ಕೈಯಿಟ್ಕೊಂಡು ಬಾಗಿಲಲ್ಲಿ ನಿಂತಿದ್ಲು.

ಅಷ್ಟರಲ್ಲಿ ಅಬ್ಬ ಬಂದ್ರು. ನಾನು ಹೇಳೋದನ್ನ ನನ್ನ ಮುಖ ನೋಡ್ತಾ ಕೇಳಿದ್ರು. ಮುಖ ಅಲ್ಲ, ತುಟಿ. ಇದನ್ನೂ ಅವತ್ತೇ ಕಂಡಿದ್ದು. ಕೇಳಿ ಮುಗಿಸಿ ಕೆಂಡ ಆದ್ರು.

"ನನಗೇ ಕಲಿಸೋಕೆ ಬಂದ್ಯಾ? ಈ ಕಿವೀಲಿ ಕೇಳಿ ತಂದಿದ್ದೀನಿ. ಅಸಲಿ ತವರ!"

ಮಾಯಮ್ಮ ನಮ್ಮಿಬ್ಬರ ಮಧ್ಯೆ ನಿಂತ್ಕೊಂಡ್ರು. "ಮಗಾ, ನಮ್ಮತ್ತೆ ಕಾಲದಿಂದ ಸಾಬ್ರ ಕಿವಿ ನಂಬ್ಕೊಂಡೇ ಉಂಡಿದ್ದೀವಿ. ಅವ್ರೇ ಕೇಳಿವ್ನಿ ಅಂತವ್ರೆ. ಬಿಸ್ಲು ಬ್ಯಾರೆ, ನಿಂಗೇ ಏನೋ ಭ್ರಮೆ ಆಗಿರ್ಬೇಕು."

"ತತ್ತಾ ಇಲ್ಲಿ" ಅಂತ ಅಬ್ಬ ನನ್ನ ಕೈಯಿಂದ ಕಡ್ಡಿ ಕಿತ್ಕೊಂಡ್ರು. ಎಲ್ಲರೆದುರಿಗೆ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಬಗ್ಗಿಸಿದ್ರು. ಮುಖ ಅರಳ್ತು. "ಕೇಳಿದ್ರಾ? ಕಿರಕಿರ ಅಂತು. ಎಂಗೆ ತಕರಾರು ಮಾಡ್ತು ನೋಡಿ!"

ಯಾರಿಗೂ ಏನೂ ಕೇಳಿಸಿರಲಿಲ್ಲ. ಆದ್ರೆ ಆ ಮನೆಯೋರಿಗೆ ಹೇಗೆ ಗೊತ್ತಾಗ್ಬೇಕು? ತವರದ ಸದ್ದು ಸಣ್ಣದು, ಕಿವಿ ಪಕ್ಕದಲ್ಲೇ ಇರ್ಬೇಕು ಅಂದ್ಕೊಂಡ್ರು. ಮಾಯಮ್ಮ, "ಆಯ್ತಲ್ಲವ್ವ, ಬುಡು ಇನ್ನ" ಅಂದು ಗೊಜ್ಜು ಮುಚ್ಚೋಕೆ ತಟ್ಟೆ ಎತ್ಕೊಂಡ್ರು. ಅಯ್ಯೋ ಪಾಪ ಅನ್ನಿಸ್ಬೇಕಿತ್ತು ಅಪ್ಪನ್ನ ನೋಡಿ. ನನಗೆ ಪಾಪ ಅನ್ನಿಸಲಿಲ್ಲ. ಹೊಟ್ಟೇಲಿರೋ ಮಗೂಗಿಂತ ಇವರ ಕಿವಿ ಮರ್ಯಾದೆ ದೊಡ್ಡದಾಯ್ತಾ ಅಂತ ಮೈಯೆಲ್ಲ ಬೆಂಕಿ ಹತ್ಕೊಳ್ತು.

ನಾನು ನಡೆದು ಅವರ ಬೆನ್ನ ಹಿಂದೆ ಹೋಗಿ ನಿಂತೆ. ಮಾಯಮ್ಮನ ಕಡೆ ನೋಡಿ, ತುಟಿ ಮೇಲೆ ಬೆರಳಿಟ್ಟು, ಸುಮ್ಮನಿರಿ ಅಂತ ಸನ್ನೆ ಮಾಡಿದೆ.

"ಅಬ್ಬಾ" ಅಂದೆ.

ಅವರು ಅಶ್ವಥನಿಗೆ ತವರದ ವಿಚಾರ ವಿವರಿಸ್ತಾನೇ ಇದ್ರು.

"ಅಬ್ಬಾ!" ಈ ಸಲ ಎದುರುಮನೆ ನಾಯಿ ಎದ್ದು ಕೂತ್ಕೊಳ್ತು. ಬಾಗಿಲಲ್ಲಿದ್ದ ನವ್ಯಶ್ರೀ ಬೆಚ್ಚಿಬಿದ್ಲು. ಅವರು ತಿರುಗಲಿಲ್ಲ.

"ಅಬ್ಬಾ, ನಿಮಗೆ ಕಿವಿ ಕೇಳಲ್ಲ ಅಬ್ಬಾ!" ಗಂಟಲು ಹರಿಯೋ ಹಂಗೆ ಕೂಗಿದೆ. ಅವರು ನಗ್ತಾ ಕಡ್ಡಿ ಎತ್ತಿ ತೋರಿಸ್ತಾ, "ಸೀಸ ಆಗಿದ್ರೆ ನನ್ನ ಕೈಯಿಂದ ತಪ್ಪಿಸ್ಕೊಳ್ತಿತ್ತಾ?" ಅಂತಿದ್ರು.

ಅಶ್ವಥ್ ತಲೆ ತಗ್ಗಿಸಿದ. ಮಾಯಮ್ಮ ಕೈಲಿದ್ದ ತಟ್ಟೆ ಕೆಳಗಿಟ್ಟು, ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ಮೊಮ್ಮಗನಿಗೆ ಸನ್ನೆ ಮಾಡಿದ್ರು. ಇಬ್ಬರೂ ಸೇರಿ ಕೊಪ್ಪರಿಗೆಯನ್ನ ಬಚ್ಚಲ ಕಡೆ ವಾಲಿಸಿದ್ರು.

ಹರಿದು ಬಂದ ಗೊಜ್ಜು ಕಾಲಿಗೆ ತಾಕಿದಾಗ ಅಬ್ಬ ಕೆಳಗೆ ನೋಡಿದ್ರು. ಆಮೇಲೆ ಎಲ್ಲರ ಕಣ್ಣು ಎತ್ತ ಕಡೆ ಐತೆ ಅಂತ ನೋಡಿ, ನಿಧಾನಕ್ಕೆ ಹಿಂದಕ್ಕೆ ತಿರುಗಿದ್ರು. ನನ್ನ ಬಾಯಿ ಇನ್ನೂ ತೆರೆದೇ ಇತ್ತು.

"ಯಾವಾಗಿಂದ ಕರೀತಿದ್ದೀಯ ಬೇಟಿ?" ಅಂತ ಕೇಳಿದ್ರು.