ಉಜ್ಜಿ ತೊಳೆದ ದೋಣಿ

ನೀರಿಗೆ ಬಿದ್ದರೆ ಏನು ಮಾಡಬೇಕೆಂಬ ವಿಡಿಯೋಗಳನ್ನು ಜೋರಾಪುರ ಪೇಟೆಯ ನಮ್ಮ ಮನೆಯ ಮಂಚದ ಮೇಲೆ ಕೂತು ಬೇಕಾದಷ್ಟು ನೋಡಿದ್ದೇನೆ. ಈಜು ಮಾತ್ರ ಬರುವುದಿಲ್ಲ. ಬಬಲೇಶ್ವರದ ಹತ್ತಿರ, ಜೈನಾಪುರದಲ್ಲಿರುವ ಅತ್ತೆಗೆ ಒಂದು ಹರಕೆಯಿತ್ತು. ಹೊಲದ ಪಕ್ಕದ ಕೆರೆಗೆ ಕಾಲುವೆ ನೀರು ಬಂದು ತುಂಬಿದರೆ ನಡುನೀರಿನಲ್ಲಿ ಗಂಗವ್ವನಿಗೆ ಉಡಿ ತುಂಬುವುದು. ಕೆರೆ ತುಂಬಿತು. ದಂಡೆಯಲ್ಲೇ ತುಂಬಿದರೆ ಗಂಗವ್ವ ಬೇಡವೆನ್ನುತ್ತಾಳೆಯೇ ಎಂದು ಕೇಳಿದೆ. ನಿಮಗೆ ಬಕೀಟಿನ ನೀರು ಕಂಡರೂ ಎದೆ ಹೊಡೆದುಕೊಳ್ಳುತ್ತದೆ ಎಂದಳು ಹೆಂಡತಿ.

ಅಲ್ಲಿದ್ದದ್ದು ಮೀನು ಹಿಡಿಯುವವನ ಒಂದೇ ಒಂದು ತಗಡಿನ ದೋಣಿ. ತಳದಲ್ಲಿ ಒಣಗಿದ ಮೀನಿನ ಹುರುಪೆ, ಕೊಳೆತ ಲೋಳೆ. ಅತ್ತೆ ಸೆರಗನ್ನು ಮೂಗಿಗೆ ಹಿಡಿದರು. ಇದರಲ್ಲಿ ಹೋಳಿಗೆಯ ನೈವೇದ್ಯ ಇಡುವುದೇ? ದೋಣಿಯವನು ಹುಟ್ಟು ತರಲು ಗುಡಿಸಲಿಗೆ ಹೋದ ಹೊತ್ತಿನಲ್ಲಿ ಅತ್ತೆ ಬೂದಿ, ನಾರು ತರಿಸಿ ಮುಂದೆ ನಿಂತು ತೊಳೆಸಿದರು. ತಳಕ್ಕೆ ಮೆತ್ತಿಕೊಂಡಿದ್ದ ಒಂದು ಕರಿ ಹೊಲಸು ಎಷ್ಟು ಉಜ್ಜಿದರೂ ಹೋಗಲಿಲ್ಲ. ಅತ್ತೆ ಬೆರಳು ತೋರಿಸಿದರು. ಹೆಂಡತಿಯ ತಮ್ಮ ಕುಡುಗೋಲಿನಿಂದ ಕೆರೆದು ತೆಗೆದ. ದೋಣಿಗೆ ಕುಂಕುಮ ಹಚ್ಚಿ, ಒಳಗೆ ಜಮಖಾನೆ ಹಾಸಿದರು.

ಆ ಕರಿ ಹೊಲಸು, ತೂತು ಮುಚ್ಚಿದ್ದ ಡಾಂಬರೆಂದು ತಿಳಿದದ್ದು ನಡುಕೆರೆಯಲ್ಲಿ, ಜಮಖಾನೆ ಕುಡಿಯುವಷ್ಟು ಕುಡಿದು ನನ್ನ ಕಾಲುಚೀಲ ಒದ್ದೆಯಾದಾಗ. ಮೈದುನ ಎದ್ದು ನಿಂತು ದಂಡೆಯತ್ತ ಕೂಗತೊಡಗಿದ. ದೋಣಿ ವಾಲಿತು.

"ಕುಂದರ್ರಿ ಸಾಹೇಬ್ರ. ನಿಂತ್ರ ಎಲ್ಲಾರೂ ಹೋಗ್ತೀವಿ," ಎಂದ ದೋಣಿಯವನು.

ನೋಡಿದ್ದ ವಿಡಿಯೋಗಳಲ್ಲಿ ಒಂದೂ ನೆನಪಾಗಲಿಲ್ಲ. ನೈವೇದ್ಯದ ಕಟ್ಟಿನ ಸಾರನ್ನು ಕೆರೆಗೆ ಸುರಿದು, ಆ ಪಾತ್ರೆಯಿಂದ ನಾನೂ ಹೆಂಡತಿಯೂ ಸರದಿಯಲ್ಲಿ ನೀರು ತೋಡಿದೆವು. ತೋಡಿದಷ್ಟೂ ಏರುತ್ತಿತ್ತು. ತೂತಿನ ಪಕ್ಕದಲ್ಲೇ ಅತ್ತೆ ಕಾಲು ಚಾಚಿ ಕೂತಿದ್ದರು. ನೋವಿಗೆ ಮೊಣಕಾಲು ಮಡಚಲಾಗದವರು, ಮೇಲೆ ನೀರು ಕುಡಿದ ಇಳಕಲ್ ಸೀರೆ. ದೋಣಿ ಮಗುಚಿದರೆ ಅವರು ಮೇಲೇಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ದೋಣಿಯವನು ಮೀನು ಒರೆಸುವ ಬನಿಯನ್ನನ್ನು ಮುದ್ದೆ ಮಾಡಿ ಅವರ ಮಡಿಲಿಗೆ ಎಸೆದ.

"ಅವ್ವಾರ, ತೂತಿಗೆ ತುರುಕಿ ಒತ್ತಿ ಹಿಡೀರಿ. ಬ್ಯಾರೆಯವ್ರು ಅಲ್ಲಿಗೆ ಸರದ್ರ ಬೋಟು ಮಗಚತೈತಿ."

"ಮೀನಿಂದೇನೋ ಇದು?"

"ಮೀನಿಂದ ಬೇ. ಒತ್ರಿ."

ಮೊಟ್ಟೆ ಮಾರುವ ಅಂಗಡಿಯಲ್ಲಿ ಉಪ್ಪನ್ನೂ ಕೊಳ್ಳದ ಹೆಂಗಸು. ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಮುದ್ದೆಯನ್ನು ತುರುಕಿ, ಎರಡೂ ಅಂಗೈ ಊರಿ ಮೈಭಾರ ಬಿಟ್ಟರು. ನೀರಿನ ರಭಸ ತಗ್ಗಿತು. ದಂಡೆ ಮುಟ್ಟುವವರೆಗೂ ಓಕರಿಸುತ್ತಲೇ ಇದ್ದರು, ಕೈ ಮಾತ್ರ ತೆಗೆಯಲಿಲ್ಲ. ನಮ್ಮ ಕಾಲ ಸುತ್ತ ಹೋಳಿಗೆಗಳು ಬಿರಿದು, ಹೂರಣ ಹೊಲಸು ನೀರಿನಲ್ಲಿ ಕದಡುತ್ತಿತ್ತು. ನಾನು ಅದನ್ನೂ ತೋಡಿ ಚೆಲ್ಲಿದೆ.

ದಂಡೆಗೆ ಇಳಿದದ್ದೇ ತಡ, ಹರಕು ದೋಣಿಯಲ್ಲಿ ಜನರನ್ನು ಕೂರಿಸುತ್ತೀಯಾ ಎಂದು ಮೈದುನ ದೋಣಿಯವನ ಮೇಲೆ ಹರಿಹಾಯ್ದ. ಆ ಬಾಯಿ ಹುಟ್ಟಿಸಿದಷ್ಟು ಅಸಹ್ಯವನ್ನು ಆ ಬನಿಯನ್ ಕೂಡ ಹುಟ್ಟಿಸಿರಲಿಲ್ಲ.

"ಸುಮ್ಮನಿರಲೇ," ಎಂದರು ಅತ್ತೆ. "ಅದನ್ನ ಕೆರಿಸಿದಾಕಿ ನಾನು."

ಪಾದ ಮುಳುಗುವಷ್ಟು ನೀರಿನಲ್ಲೇ ನಿಂತು ಉಡಿ ತುಂಬಿದರು. ಕಾಯಿ ಒಡೆದು ಮೊದಲ ಚೂರು ದೋಣಿಯವನಿಗೆ, ಎರಡನೆಯದು ನನಗೆ. ಚಾಚಿದ ಅವರ ಅಂಗೈಯಲ್ಲಿ ಒಂದು ಹುರುಪೆ ಇನ್ನೂ ಅಂಟಿಕೊಂಡಿತ್ತು. ನಾನು ಉಸಿರು ಬಿಗಿಹಿಡಿದು, ಅಗಿಯದೆ ನುಂಗಿದೆ.